ಎಂಟಡಿ ವೃತ್ತದಲ್ಲಿ ಒಂದು ಗೇಣು

ಕತ್ತಿ ಮುರಿಯಬಹುದಿತ್ತು. ಹಿಡಿಗೆ ಬೆಸುಗೆ ಹಾಕಿದ ಸ್ಟೀಲ್ ಬೋಗುಣಿ ಕಳಚಿ, ಮುಂದಿನ ಸಾಲಿನಲ್ಲಿ ಕೂತ ಯಾರದೋ ಮಡಿಲಿಗೆ ಬಡಿಸಿದ ಹಾಗೆ ಬಂದು ಬೀಳಬಹುದಿತ್ತು. ತುದಿಗೆ ಹಾಕಿದ ರಬ್ಬರ್ ಬಿರಡೆ ಜಾರಬಹುದಿತ್ತು. ಹೊಸನಗರದಿಂದ ಬರಬೇಕಾದ ಪಿ.ಟಿ. ಮೇಡಂ ಕೂತ ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ರಂಗದ ಮೇಲೆ ಹಾಕಿದ ಸುಣ್ಣದ ಗೆರೆ ಬೆವರಿದ ಕಾಲಿಗೆ ಅಳಿಸಿಹೋಗಬಹುದಿತ್ತು. ಕರೆಂಟು ಹೋಗಬಹುದಿತ್ತು, ಹೋಗಿ, ಬರಬಾರದ ಹೊತ್ತಿಗೆ ಬರಬಹುದಿತ್ತು. ಪ್ರೇಕ್ಷಕರಲ್ಲಿ ಯಾರಾದರೂ ಮೊಬೈಲಿನಲ್ಲಿ ಫೋಟೋ ಹೊಡೆದು, ಆ ಬೆಳಕು ನಟರ ಕಣ್ಣಿಗೆ ರಾಚಬಹುದಿತ್ತು. ನನ್ನ ಬಿ.ಪಿ. ಮಾತ್ರೆ ಸಾಗರದಲ್ಲೇ ಉಳಿಯಬಹುದಿತ್ತು. ಕ್ಯಾಪ್ಟನ್ ಪಾತ್ರ ಮಾಡುವವನಿಗೆ ಏಟು ಬೀಳಬಹುದಿತ್ತು. ಏಟು ಬೀಳದೆಯೂ ಇರಬಹುದಿತ್ತು. ಎಲ್ಲಕ್ಕಿಂತ ದೊಡ್ಡ ಭಯವೆಂದರೆ, ಆತ ಬರದೆಯೇ ಹೋಗಬಹುದಿತ್ತು. ಆಗ ಆರು ವರ್ಷ ಜೋಪಾನ ಮಾಡಿದ ಸೇಡನ್ನು ಅಳತೆಯ ಟೇಪಿನ ಹಾಗೆ ಸುತ್ತಿ ಚೀಲಕ್ಕೆ ಹಾಕಿಕೊಂಡು ನಾನು ಮನೆಗೆ ವಾಪಸು ಹೋಗಬೇಕಿತ್ತು.

ಇವಿಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಚೀಟಿ ಕಳೆದುಹೋಗಬಹುದೆಂದು ಪ್ಯಾಂಟಿನ ಜೇಬಿನಲ್ಲಿ ಅದರದೇ ಇನ್ನೊಂದು ಪ್ರತಿ ಇತ್ತು.

ನಾನು ಸಾಗರದಲ್ಲಿ ಪರವಾನಗಿ ಪಡೆದ ಭೂಮಾಪಕ. ಜಮೀನು ಅಳೆದು ಗಡಿ ತೋರಿಸಿಕೊಡುವುದು ಹೊಟ್ಟೆಪಾಡು. ಹವ್ಯಾಸಿ ನಾಟಕ ತಂಡಗಳಿಗೆ ಕತ್ತಿವರಸೆ ಕೂಡಿಸಿಕೊಡುವುದು ಹುಚ್ಚು. ಸ್ಪೇನಿನ ಹಳೆಯ ಕತ್ತಿವರಸೆಯ ಪುಸ್ತಕಗಳು ಅಂತರ್ಜಾಲದಲ್ಲಿ ಸಿಕ್ಕಿದಾಗ ಈ ಎರಡೂ ಒಂದೇ ಕಡೆ ಬಂದು ಸೇರಿದವು. ಭಾಷೆ ಬಾರದು, ಆದರೆ ಚಿತ್ರಗಳಲ್ಲಿ ಇದ್ದದ್ದು ನನ್ನ ಮನೆಮಾತು: ವೃತ್ತ, ವ್ಯಾಸ, ಲಂಬಕೋನ. ನೆಲದ ಮೇಲೆ ಬರೆದ ವೃತ್ತದ ಎರಡು ತುದಿಯಲ್ಲಿ ಇಬ್ಬರು ಮೀಸೆಯವರು ಕತ್ತಿ ಚಾಚಿ ನಿಂತಿದ್ದಾರೆ, ಪ್ರತಿ ಕೋನಕ್ಕೂ ಒಂದೊಂದು ಅಕ್ಷರ. ನಿಘಂಟು ಹಿಡಿದು ಪದ ಪದ ಬಿಡಿಸಿ, ನಾಲ್ಕು ವರ್ಷದಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ತುಂಬಿಸಿದೆ.

ಆ ನೋಟ್‌ಬುಕ್ಕನ್ನು ಆರು ವರ್ಷದ ಹಿಂದೆ ಒಬ್ಬ ರಂಗ ತರಬೇತುದಾರ ‘ಒಂದು ದಿನಕ್ಕೆ’ ಎಂದು ಕೇಳಿ ಒಯ್ದ. ಎದುರಿಗೆ ಸಿಕ್ಕಾಗ ನಾನು ಅವನಿಗೆ ‘ನೀವು’ ಎನ್ನುತ್ತೇನೆ, ಮನಸ್ಸಿನಲ್ಲಿ ‘ಅವನು’. ಇಲ್ಲಿ ಮನಸ್ಸಿನ ಪ್ರಕಾರವೇ ನಡೆಯುತ್ತೇನೆ. ಒಂದು ತಿಂಗಳಾದ ಮೇಲೆ ನೋಟ್‌ಬುಕ್ ವಾಪಸು ಬಂತು. ನಾನು ಕೈವಾರದಲ್ಲಿ ಬರೆದ ವೃತ್ತದ ಮೇಲೆ ಚಹಾ ಲೋಟದ ಇನ್ನೊಂದು ವೃತ್ತ ಇತ್ತು. ಮತ್ತೆ ಮೂರು ತಿಂಗಳಿಗೆ ಸಾಗರದಲ್ಲೇ ಅವನ ಶಿಬಿರ: ‘ವೃತ್ತ ವಿಧಾನ: ನನ್ನ ಸಂಶೋಧನೆ’. ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಈ ವೃತ್ತದ ಅಳತೆ ಎಲ್ಲಿಂದ ಬಂತು ಎಂದು ಮೆಲ್ಲಗೆ ಕೇಳಿದೆ.

“ಅಳ್ಯೋದು ಬೇರೆ, ಆಡೋದು ಬೇರೆ ಸಾರ್,” ಅಂದ. “ಇದು ದೇಹದ ವಿಷ್ಯ. ಸರ್ವೆ ಚೈನಿಗೆ ಸಿಗೋದಲ್ಲ.”

ಸಭೆ ನಕ್ಕಿತು. ನಾನೂ ನಕ್ಕೆ. ಇವತ್ತಿಗೂ ಉರಿಯುವುದು ಅದೇ, ನಾನೂ ನಕ್ಕದ್ದು.

ಹೀಗಿರುವಾಗ ತೀರ್ಥಹಳ್ಳಿಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡು ನಾಟಕ ಮಾಡಿಸುವ ಒಬ್ಬ ಹಿರಿಯರು ಫೋನ್ ಮಾಡಿದರು. ಅವರ ಹೊಸ ನಾಟಕದಲ್ಲಿ, ಕಾಳುಮೆಣಸಿನ ವ್ಯಾಪಾರ ಕುದುರಿಸಲು ಒಬ್ಬ ಪೋರ್ಚುಗೀಸ್ ಕ್ಯಾಪ್ಟನ್ ಕರಾವಳಿಯಿಂದ ಘಾಟಿ ಹತ್ತಿ ಬಿದನೂರಿಗೆ ಬರುತ್ತಾನೆ. ಅರಮನೆಯ ಕಾವಲುಗಾರ್ತಿಯೊಬ್ಬಳನ್ನು ಹೀಯಾಳಿಸುತ್ತಾನೆ. ಅವಳು ಅವನದೇ ನಾಡಿನ ಕತ್ತಿ ಹಿಡಿದು ಅವನನ್ನು ಸೋಲಿಸುತ್ತಾಳೆ. ಕತೆ ಕಲ್ಪಿತ, ಮೆಣಸು ಮಾತ್ರ ನಿಜ. ಆ ಕೊನೆಯ ಕಾಳಗವನ್ನು ನಾನು ಕೂಡಿಸಿಕೊಡಬೇಕು. ಆಗಲ್ಲ ಎನ್ನಲು ಬಾಯಿ ತೆರೆದಿದ್ದೆ. ಕ್ಯಾಪ್ಟನ್ ಪಾತ್ರಕ್ಕೆ ಯಾರು ಎಂದು ಅವರು ಹೇಳಿದರು: ನನ್ನ ನೋಟ್‌ಬುಕ್ ಒಯ್ದವನೇ. ಅವರ ಮಾತು ಮುಗಿಯುವ ಮೊದಲೇ ನಾನು ಒಪ್ಪಿಯಾಗಿತ್ತು.

“ಅಲ್ಲ ಮಾರಾಯ್ರೆ, ಕ್ಯಾಪ್ಟನ್ ಪೋರ್ಚುಗೀಸಿನವ. ನೀವು ಸ್ಪೇನ್ ಸ್ಪೇನ್ ಅಂತೀರಲ್ಲ?” ಎಂದು ನಿರ್ದೇಶಕರು ಕೇಳಿದರು.

ಆ ಕಾಲದಲ್ಲಿ ಕೆಲವು ದಶಕ ಎರಡು ದೇಶಕ್ಕೂ ಒಬ್ಬನೇ ದೊರೆ ಇದ್ದ, ಹಾಗಾಗಿ ವಿದ್ಯೆಗೆ ಗಡಿ ಇರಲಿಲ್ಲ ಎಂದು ವಿವರಿಸಿದೆ. ಒಮ್ಮೆ ಶುರು ಮಾಡಿದರೆ ನಾನು ನಿಲ್ಲಿಸುವವನಲ್ಲ. ಅಲ್ಲಿಯವರೆಗೆ ಸ್ಪೇನಿನಲ್ಲಿ ಕತ್ತಿ ಕಲಿಸುವವರದು ಒಬ್ಬೊಬ್ಬರದು ಒಂದೊಂದು ಪಟ್ಟು, ಒಂದೊಂದು ಗುಟ್ಟು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಒಬ್ಬ ಗೃಹಸ್ಥ ಸಂವಾದದ ರೂಪದಲ್ಲಿ ಪುಸ್ತಕ ಬರೆದು, ಕತ್ತಿ ಎಂಬುದು ಪಟ್ಟಲ್ಲ, ಶಾಸ್ತ್ರ, ಅದಕ್ಕೆ ಆಧಾರ ರೇಖಾಗಣಿತ ಎಂದ. ತನ್ನದನ್ನು ನಿಜವಾದ ನೈಪುಣ್ಯ ಎಂದು ಕರೆದು ಉಳಿದವರದನ್ನು ಬೀದಿಯ ಆಟ ಎಂದು ತಳ್ಳಿಹಾಕಿದ. ಮುಂದಿನ ತಲೆಮಾರಿನಲ್ಲಿ ಅವನ ಅನುಯಾಯಿಯೊಬ್ಬ ಆ ಶಾಸ್ತ್ರವನ್ನು ಇನ್ನಷ್ಟು ಬಿಗಿ ಮಾಡಿದ. ಮಾಡಿ, ಗುರುವಿನದೇ ತಪ್ಪುಗಳನ್ನು ಸಾಲಾಗಿ ಎತ್ತಿ ಅಚ್ಚು ಹಾಕಿಸಿದ. ಇದನ್ನು ಓದಿದ ದಿನ ನನಗೆ ಬಹಳ ಸಮಾಧಾನವಾಗಿತ್ತು. ಈ ವಿದ್ಯೆಯ ಹುಟ್ಟಿನಲ್ಲೇ ಮುಯ್ಯಿ ಇದೆ, ನಾನೊಬ್ಬನೇ ಸಣ್ಣ ಮನಸ್ಸಿನವನಲ್ಲ.

ಅದರ ಸೂತ್ರಗಳು ಹೇಳಲು ಸುಲಭ. ಮೈ ನೆಟ್ಟಗಿರಬೇಕು, ಕೈ ಭುಜದಿಂದ ನೇರ ಮುಂದಕ್ಕೆ, ಲಂಬಕೋನದಲ್ಲಿ. ಕೈಯನ್ನು ಅದಕ್ಕಿಂತ ಎತ್ತಿದರೂ ಇಳಿಸಿದರೂ ತುದಿ ಹಿಂದೆ ಬರುತ್ತದೆ. ಲಂಬಕೋನವೇ ಅತಿ ಉದ್ದದ ಕೈ. ಎದುರಾಳಿಯತ್ತ ನೇರ ನುಗ್ಗಬಾರದು, ಅದು ಅವನ ಕತ್ತಿಯ ದಾರಿ. ವೃತ್ತದ ಅಂಚಿನಲ್ಲಿ ನಡೆದು ಪಕ್ಕದಿಂದ ಸೇರಬೇಕು. ಅವನ ಕತ್ತಿಯ ದುರ್ಬಲ ತುದಿಯ ಮೇಲೆ ನಮ್ಮ ಕತ್ತಿಯ ಬಲವಾದ ಬುಡ ಇಟ್ಟು, ಅವನು ಏನು ಮಾಡಲಿದ್ದಾನೆಂದು ಉಕ್ಕಿನ ಮೂಲಕವೇ ತಿಳಿಯಬೇಕು. ಕೊನೆಗೆ ಹತ್ತಿರ ಸರಿದು ಎಡಗೈಯಿಂದ ಅವನ ಹಿಡಿಯನ್ನೇ ಹಿಡಿದು ಕತ್ತಿ ಕಿತ್ತುಕೊಳ್ಳಬೇಕು. ಕೊಲ್ಲಬೇಕಾಗಿಯೇ ಇಲ್ಲ. ಕೊಲ್ಲಬಹುದಿತ್ತು ಎಂದು ಅವನಿಗೂ ನೋಡುವವರಿಗೂ ಗೊತ್ತಾದರೆ ಸಾಕು. ನನ್ನಂಥ ಹೆದರುಪುಕ್ಕಲನಿಗೆ ಇದಕ್ಕಿಂತ ಒಪ್ಪುವ ಸೇಡು ಇನ್ನೊಂದಿಲ್ಲ.

ಎಲ್ಲವೂ ನಿಂತಿರುವುದು ಆ ವೃತ್ತದ ಮೇಲೆ. ಅದರ ವ್ಯಾಸ ಎಂಟು ಅಡಿ ಎಂದು ನನ್ನ ನೋಟ್‌ಬುಕ್ಕಿನಲ್ಲಿತ್ತು. ಅಲ್ಲೇ ಇತ್ತು ತಪ್ಪು. ಆ ಅಡಿ ಸ್ಪೇನಿನ ಹಳೆಯ ಅಡಿ, ನಮ್ಮ ಟೇಪಿನ ಅಡಿಗಿಂತ ಸುಮಾರು ಒಂದು ಅಂಗುಲ ಗಿಡ್ಡ. ಜಮೀನಿನ ಜಗಳಗಳಲ್ಲಿ ‘ನಿಮ್ಮ ಅಜ್ಜನ ಮಾರು ಬೇರೆ, ಸರ್ಕಾರದ ಮೀಟರ್ ಬೇರೆ’ ಎಂದು ಊರಿಗೆಲ್ಲ ಬುದ್ಧಿ ಹೇಳುವ ನಾನು, ಸ್ಪೇನಿನ ಅಡಿಯನ್ನು ಸಾಗರದ ಅಂಗಡಿಯ ಟೇಪಿನಲ್ಲಿ ಅಳೆದಿದ್ದೆ. ಎಂಟು ಅಡಿಗೆ ಎಂಟು ಅಂಗುಲ, ಹೆಚ್ಚುಕಡಿಮೆ ಒಂದು ಗೇಣು. ನೋಟ್‌ಬುಕ್ ವಾಪಸು ಬಂದ ವರ್ಷವೇ ಇದು ನನಗೆ ತಿಳಿಯಿತು, ತಿದ್ದಿಕೊಂಡೆ. ಒಯ್ದವನಿಗೆ ಹೇಳಲು ಹೋಗಲಿಲ್ಲ.

ಎರಡು ಕತ್ತಿ ಸಾಗರದ ಒಬ್ಬ ಲೇತ್ ಕೆಲಸಗಾರ ಮಾಡಿಕೊಟ್ಟ. ಉದ್ದಕ್ಕೆ, ತೆಳ್ಳಗೆ, ಬಳುಕುವ ಉಕ್ಕಿನ ಪಟ್ಟಿ; ಅಂಚು ಉಗುರನ್ನೂ ಗೀರದಷ್ಟು ಮೊಂಡು. ಕೈ ಕಾಯಲು ಹಿಡಿಯ ಮುಂದೆ ಬಟ್ಟಲಿನಂಥ ತಗಡು ಬೇಕಿತ್ತು. ಪೇಟೆಯಲ್ಲಿ ಹುಡುಕಿ ಎರಡು ಸ್ಟೀಲ್ ಬೋಗುಣಿ ತಂದೆ. ತುದಿಗೆ ಊರುಗೋಲಿನ ರಬ್ಬರ್ ಬಿರಡೆಯನ್ನು ಕೆತ್ತಿ ಸಣ್ಣದು ಮಾಡಿ ಅಂಟಿಸಿದೆ. ಅಂಟು ಬಿಟ್ಟರೆ ಎಂದು ನಾಲ್ಕು ಹೆಚ್ಚುವರಿ ಬಿರಡೆ ಮಾಡಿ, ಸದಾ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ತಿರುಗಿದೆ.

ತಾಲೀಮು ಭಾನುವಾರಗಳಂದು ಹೊಸನಗರದ ಒಂದು ಶಾಲೆಯ ಸಭಾಂಗಣದಲ್ಲಿ. ಕಾವಲುಗಾರ್ತಿಯ ಪಾತ್ರಕ್ಕೆ ಅದೇ ಶಾಲೆಯ ಪಿ.ಟಿ. ಮೇಡಂ ಇದ್ದರು. ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಳ್ಳದವರು, ಆದರೆ ‘ಯಾಕೆ’ ಎಂದು ಮೂರು ಸಲ ಕೇಳುವವರು. ಕ್ಯಾಪ್ಟನ್ (ಇನ್ನು ಹಾಗೇ ಕರೆಯುತ್ತೇನೆ) ಮೊದಲ ದಿನ ನನ್ನನ್ನು ಕಂಡು ಕೈಕುಲುಕಿ, ನೀವು ಕತ್ತಿ ಸಪ್ಲೈ ಮಾಡ್ತಿದ್ದೀರಂತೆ ಎಂದ. ನಂತರ ಚೀಲದಿಂದ ಗಂಟು ಹಾಕಿದ ಒಂದು ಹಗ್ಗ ತೆಗೆದು, ನಡುವೆ ಮೊಳೆ ಹಿಡಿಸಿ, ಸೀಮೆಸುಣ್ಣದಲ್ಲಿ ತನ್ನ ವೃತ್ತ ಬರೆದ. ನಾನು ಅಳೆಯುವ ಅಗತ್ಯವೇ ಇರಲಿಲ್ಲ. ಎಂಟು ಅಡಿ, ಸಾಗರದ ಟೇಪಿನ ಎಂಟು ಅಡಿ. ಆರು ವರ್ಷ ಊರೂರು ಸುತ್ತಿ ನನ್ನ ತಪ್ಪನ್ನೇ ಕಲಿಸುತ್ತಿದ್ದಾನೆ.

ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮನೆಗೆ ಬಂದು ಯೋಜನೆ ಹಾಕಿದೆ. ಸುಮ್ಮನಿರುವುದೇ ಯೋಜನೆ. ಪ್ರದರ್ಶನದ ದಿನ ತೀರ್ಥಹಳ್ಳಿಯಲ್ಲಿ ಅವನು ಅದೇ ವೃತ್ತ ಬರೆಯುತ್ತಾನೆ. ಅವನ ಕತ್ತಿ ಪ್ರತಿ ಸಲ ಒಂದು ಗೇಣು ಹಿಂದೆಯೇ ಗಾಳಿ ತಿವಿಯುತ್ತದೆ. ಅವತ್ತು ಸಾಗರದಲ್ಲಿ ನಕ್ಕವರು ಅದನ್ನು ನೋಡುತ್ತಾರೆ. ಅವರಲ್ಲಿ ಹನ್ನೊಂದು ಜನರ ಹೆಸರು ನೆನಪಿತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿ, ಒಳ್ಳೆಯ ನಾಟಕ, ತಪ್ಪಿಸಿಕೊಳ್ಳಬೇಡಿ ಎಂದು ಕರೆದೆ.

ನಾನು ಲೆಕ್ಕ ಹಾಕದೆ ಬಿಟ್ಟದ್ದು ಮನುಷ್ಯನ ಸೊಂಟವನ್ನು. ಗಾಳಿ ತಿವಿಯುತ್ತ ನಿಲ್ಲುವವನಲ್ಲ ಅವನು. ಎಟುಕದಿದ್ದರೆ ಬಾಗಿದ. ನೆಟ್ಟಗೆ ನಿಲ್ಲಬೇಕಾದ ಮೈ ಮುಂದಕ್ಕೆ ಬಿತ್ತು, ಕೈ ಲಂಬಕೋನ ಬಿಟ್ಟಿತು, ತುದಿ ಎಲ್ಲಿ ಹೋಗುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಎರಡು ಭಾನುವಾರ ಅದನ್ನು ನೋಡಿಯೂ ಬಾಯಿ ಮುಚ್ಚಿಕೊಂಡಿದ್ದೆ. ಮೂರನೆಯ ಭಾನುವಾರ ಅವನ ಕತ್ತಿ ಮೇಡಂ ಕತ್ತಿಯ ಮೇಲಿಂದ ಜಾರಿ ಮುಖಕ್ಕೆ ಹೋಯಿತು. ತಾಲೀಮಿಗೆ ನಾನು ಕಡ್ಡಾಯ ಮಾಡಿದ್ದ ಪ್ಲಾಸ್ಟಿಕ್ ಕನ್ನಡಕಕ್ಕೆ ‘ಟಕ್’ ಎಂದು ಬಡಿಯಿತು. ರಬ್ಬರ್ ಇತ್ತು, ಕನ್ನಡಕ ಇತ್ತು, ಏನೂ ಆಗಲಿಲ್ಲ. ಪ್ರದರ್ಶನದ ದಿನ ಕನ್ನಡಕ ಇರುವುದಿಲ್ಲ.

ಕ್ಯಾಪ್ಟನ್ ಸಾರಿ ಮೇಡಂ ಎಂದು ನೀರು ಕುಡಿಯಲು ಹೋದ. ಮೇಡಂ ಕನ್ನಡಕ ತೆಗೆದು, ಬಲಗಣ್ಣಿನ ಎದುರಿಗೆ ಬಿದ್ದ ಕಲೆಯನ್ನು ಸೆರಗಿನಿಂದ ಒರೆಸಿದರು.

“ಇವ್ರು ಪ್ರತಿ ಸಲ ಬಾಗೋದ್ಯಾಕೆ ಸಾರ್?”

ನಾನು ಜೇಬಿನ ಬಿರಡೆಗಳನ್ನು ಎಣಿಸತೊಡಗಿದೆ.

“ನೀವು ಅಳ್ಯೋರು. ನಿಮ್ಗೆ ಕಂಡಿರ್ಬೇಕಲ್ಲ.”

ಕಂಡಿತ್ತು ಎಂದೆ. ಅಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿದೆ: ನೋಟ್‌ಬುಕ್ಕು, ಚಹಾ ಕಲೆ, ಶಿಬಿರದ ನಗು, ಒಂದು ಗೇಣು. ಅವರು ಪೂರ್ತಿ ಕೇಳಿದರು.

“ನಿಮ್ ಜಗಳ ನಿಮ್ಗೆ ಇರ್ಲಿ ಸಾರ್,” ಅಂದರು. “ನನ್ ಕಣ್ಣು ನಂಗೆ ಇರ್ಲಿ.”

ಸಾಗರಕ್ಕೆ ಹೋಗುವ ಬಸ್ಸಿನಲ್ಲಿ ಇದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ವೃತ್ತ ತಿದ್ದಬೇಕೆಂದರೆ ಅದು ಯಾಕೆ ತಪ್ಪು ಎಂದು ಹೇಳಬೇಕು. ಹೇಳಿದರೆ ತಪ್ಪು ನನ್ನದು. ಹೇಳದಿದ್ದರೆ ನನ್ನ ಸೇಡಿಗೆ ಮೇಡಂ ಕಣ್ಣು ಒತ್ತೆ. ಬಟ್ಟೆಮಲ್ಲಪ್ಪದ ಹತ್ತಿರ ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ದೊಡ್ಡ ಮನಸ್ಸು ಮಾಡಿ ತೆಗೆದುಕೊಂಡ ತೀರ್ಮಾನವಲ್ಲ. ಅವರ ಕಣ್ಣಿಗೆ ಏನಾದರೂ ಆದರೆ ನಾನು ಉಳಿದ ಆಯುಷ್ಯವೆಲ್ಲ ಚಿಂತೆ ಮಾಡಬೇಕಾಗುತ್ತದೆ, ಅಷ್ಟು ಜಾಗ ನನ್ನ ತಲೆಯಲ್ಲಿ ಖಾಲಿ ಇಲ್ಲ.

ನಾಲ್ಕನೆಯ ಭಾನುವಾರ ನೋಟ್‌ಬುಕ್ಕನ್ನೂ ಹೊಸದಾಗಿ ಗಂಟು ಹಾಕಿದ ಹಗ್ಗವನ್ನೂ ಒಯ್ದೆ. ಅವತ್ತು ನಿರ್ದೇಶಕರೂ ಬಂದಿದ್ದರು. ಪುಟ ತೆರೆದು ಇಬ್ಬರೆದುರಿಗೂ ಇಟ್ಟೆ. ಇಲ್ಲಿ ಅಡಿಯನ್ನು ತಪ್ಪಾಗಿ ತಿಳಿದಿದ್ದೇನೆ, ವೃತ್ತ ಒಂದು ಗೇಣು ದೊಡ್ಡದಾಗಿದೆ, ಅದಕ್ಕೇ ನೀವು ಬಾಗಬೇಕಾಗುತ್ತಿದೆ ಎಂದೆ.

ಕ್ಯಾಪ್ಟನ್ ಪುಟವನ್ನು ನೋಡಿದ. ತನ್ನ ಚಹಾ ಕಲೆಯ ಗುರುತು ಹತ್ತಿತೋ ಇಲ್ಲವೋ. ನಿರ್ದೇಶಕರ ಕಡೆ ತಿರುಗಿ ನಕ್ಕ.

“ನೋಡಿ, ಇಷ್ಟು ವರ್ಷ ನಾನು ಹಾಗೇ ಕಲಿಸ್ದೆ. ತಪ್ಪು ಇವರದ್ದಂತೆ.”

ನಾನು ಮತ್ತೆ ಮೂರನೆಯ ಸಾಲಿಗೆ ಹೋಗಿ ಕೂತ ಹಾಗಾಯಿತು. ಅಷ್ಟರಲ್ಲಿ ಮೇಡಂ, ಕತ್ತಿಯ ಬೋಗುಣಿ ಒರೆಸುತ್ತಿದ್ದವರು, ತಲೆ ಎತ್ತದೆ ಕೇಳಿದರು:

“ತಪ್ಪು ಇವ್ರದ್ದು ಅಂದ್ರೆ, ವಿಧಾನಾನೂ ಇವ್ರದ್ದೇ ಆಯ್ತಲ್ಲ ಸಾರ್?”

ನಿರ್ದೇಶಕರು ನೋಟ್‌ಬುಕ್ಕನ್ನು ತಮ್ಮ ಕಡೆ ಎಳೆದುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಹಾಳೆ ಮಗುಚಿದರು. ಕ್ಯಾಪ್ಟನ್ ಕೈಗವಸು ಸರಿಮಾಡಿಕೊಂಡ. ಹೊಸ ಹಗ್ಗದಲ್ಲಿ ನಾನೇ ವೃತ್ತ ಬರೆದೆ. ಅವತ್ತು ಅವನು ಬಾಗಲಿಲ್ಲ. ಬಾಗುವ ಅಗತ್ಯವೇ ಬರಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ನಾನು ಮರ್ಯಾದಸ್ಥ ಅನ್ನಿಸಿಕೊಳ್ಳುತ್ತಿದ್ದೆ. ಆದರೆ ಈ ಗೆಲುವನ್ನು ನೋಡಿದವರು ಇಬ್ಬರು. ಅವತ್ತು ನಕ್ಕವರು ಸಭೆ ತುಂಬ ಇದ್ದರು.

ಕ್ಯಾಪ್ಟನ್ ಕೂಡ ಸುಮ್ಮನಿರಲಿಲ್ಲ. ಕಾಳಗದ ಕೊನೆಗೆ ಕಾವಲುಗಾರ್ತಿ ಅವನ ಕತ್ತಿ ಕಿತ್ತುಕೊಳ್ಳಬೇಕು, ಅವನು ಲೆಕ್ಕಕ್ಕೆ ಸರಿಯಾಗಿ ಹಿಡಿ ಸಡಿಲಿಸಬೇಕು. ಆ ಭಾನುವಾರದಿಂದ ಅವನು ಸಡಿಲಿಸುವುದನ್ನು ನಿಲ್ಲಿಸಿದ. ನಿಜವಾದ ಸೈನಿಕ ಕತ್ತಿ ಬಿಡ್ತಾನಾ, ಶಾಸ್ತ್ರ ನಿಜ ಆದ್ರೆ ಕಿತ್ಕೊಳ್ಲಿ ಎಂದ. ತೀರ್ಥಹಳ್ಳಿಯ ರಂಗದ ಮೇಲೆ ನಡೆದ ಕೊನೆಯ ತಾಲೀಮಿನಲ್ಲಿ ಮೇಡಂ ಮೂರು ಸಲ ಹಿಡಿದು ಎಳೆದರು, ಮೂರು ಸಲವೂ ಅವನು ನಗುತ್ತ ಹಾಗೇ ನಿಂತಿದ್ದ.

“ಆಗ್ದಿದ್ರೆ ತೆಗ್ದುಬಿಡುವ ಮಾರಾಯ್ರೆ,” ಎಂದರು ನಿರ್ದೇಶಕರು. “ಅವ್ರು ಸುಮ್ನೆ ಮಂಡಿ ಊರ್ಲಿ. ಪರ್ದೆ ಎಳಿಯುವ.”

ಒಂದು ದಿನ ಕೊಡಿ ಎಂದು ಬೇಡಿಕೊಂಡೆ. ಮರುದಿನ ಹೊಸನಗರಕ್ಕೆ ಹೋಗಿ ಮೇಡಂ ಎದುರಿಗೆ ಕ್ಯಾಪ್ಟನ್ ಆಗಿ ನಾನೇ ನಿಂತೆ. ಎಡವಟ್ಟು ಎಲ್ಲಿದೆಯೆಂದು ಮೊದಲ ಸಲಕ್ಕೇ ತಿಳಿಯಿತು. ಅವರು ಕೈಯಿಂದ ಎಳೆಯುತ್ತಿದ್ದರು. ಎಳೆದಾಟವಾದರೆ ಬಲ ಇದ್ದವನು ಗೆಲ್ಲುತ್ತಾನೆ. ಪುಸ್ತಕದಲ್ಲಿ ಕೈಗೆ ಕೆಲಸ ಕಡಿಮೆ. ಕೆಳಗೆ ಬರುವುದು ಕತ್ತಿಗೆ ಸಹಜ ಚಲನೆ, ಮೇಲೇಳುವುದು ಬಲವಂತದ ಚಲನೆ ಎನ್ನುತ್ತದೆ ಅದು. ಹಾಗಾಗಿ ಮೊದಲು ನಮ್ಮ ಕತ್ತಿಯ ಬುಡ ಅವನ ತುದಿಯ ಮೇಲೆ, ಭಾರ ಕೆಳಕ್ಕೆ. ಅವನು ಅದನ್ನು ಎತ್ತಲು ಹೆಣಗುವ ಹೊತ್ತಿಗೆ ಎಡಗಾಲು ವೃತ್ತದ ಅಂಚಿನ ಮೇಲೆಯೇ ಅವನ ಪಕ್ಕಕ್ಕೆ. ಎಡಗೈ ಬೋಗುಣಿಯ ಮೇಲೆ, ತಿರುವು ಅವನ ಹೆಬ್ಬೆರಳಿನ ಕಡೆಗೆ. ನಾಲ್ಕು ಬೆರಳು ಹಿಡಿದದ್ದನ್ನು ಒಂದು ಹೆಬ್ಬೆರಳು ಒಂಟಿಯಾಗಿ ಕಾಯಲಾರದು.

ಮಧ್ಯಾಹ್ನದ ಹೊತ್ತಿಗೆ ನನ್ನ ಕತ್ತಿ ಹದಿನಾಲ್ಕು ಸಲ ಹೋಗಿತ್ತು, ಮಣಿಕಟ್ಟು ಊದಿತ್ತು.

“ನೀವು ಬಿಟ್ಕೊಡ್ತಿಲ್ಲ ತಾನೆ ಸಾರ್?”

“ಇಲ್ಲ ಮೇಡಂ, ಜೀವ ಬಿಟ್ಟು ಹಿಡ್ಕೊಂಡಿದೀನಿ,” ಎಂದೆ. “ಒಂದೇ ಒಂದು ವಿಷ್ಯ. ಅವ್ರ ಮುಖ ನೋಡ್ಬೇಡಿ, ನಗ್ತಾರೆ, ನೀವು ಕೆಡ್ತೀರಿ. ಮಣಿಕಟ್ಟು ನೋಡಿ.”

ಅವನ ಮುಖವನ್ನು ನೋಡುವುದು ನನ್ನ ಕೆಲಸ. ಅದನ್ನು ಅವರಿಗೆ ಹೇಳಲಿಲ್ಲ.

ಪ್ರದರ್ಶನ ಸಂಜೆ ಆರೂವರೆಗೆ. ಬಸ್ಸು ಕೆಡಲಿಲ್ಲ. ಮಾತ್ರೆ ಜೇಬಿನಲ್ಲಿತ್ತು. ಹಗಲು ಹೊತ್ತಿನಲ್ಲೇ ರಂಗದ ಮೇಲೆ ಸುಣ್ಣಕ್ಕೆ ಅಂಟು ಕಲಸಿ ನನ್ನ ಕೈಯಾರೆ ವೃತ್ತ ಬರೆದು, ಮೂರು ಸಲ ಅಳೆದೆ. ಬಾಗಿಲಲ್ಲೇ ಮೊಬೈಲ್ ಬಂದ್ ಮಾಡಿಸಬೇಕೆಂದು ಹಟ ಹಿಡಿದೆ, ಮಾಡಿಸಿದರು. ಫೋನ್ ಮಾಡಿದ್ದ ಹನ್ನೊಂದರಲ್ಲಿ ಒಂಬತ್ತು ಜನ ಬಂದರು. ಕ್ಯಾಪ್ಟನ್ ಬಂದ. ಕರಪತ್ರದಲ್ಲಿ ‘ಕತ್ತಿವರಸೆ’ ಎಂಬುದರ ಮುಂದೆ ನನ್ನ ಹೆಸರು ಇತ್ತು, ಕಾಗುಣಿತವೂ ಸರಿ ಇತ್ತು. ನಿರ್ದೇಶಕರು ದೀಪದ ಬಳಿ ಹೋದರು. ನಾನು ಪಕ್ಕದ ಪರದೆಯ ಹಿಂದೆ ನಿಂತೆ. ಅವನ ಮುಖ ನೇರ ಕಾಣುವ ಜಾಗ, ಎರಡು ದಿನ ಮೊದಲೇ ಆರಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೆ.

ಕಾಳಗ ಶುರುವಾಯಿತು. ಇಬ್ಬರೂ ನೆಟ್ಟಗೆ, ಕೈ ಚಾಚಿ, ನಿಧಾನಕ್ಕೆ ವೃತ್ತದ ಅಂಚಿನಲ್ಲಿ ನಡೆದರು. ಕತ್ತಿಗೆ ಕತ್ತಿ ತಾಗುವ ಸದ್ದು ಬಿಟ್ಟರೆ ಸಭೆಯಲ್ಲಿ ಕೆಮ್ಮು ಕೂಡ ಇರಲಿಲ್ಲ. ಮೇಡಂ ಕತ್ತಿಯ ಬುಡ ಅವನ ತುದಿಯ ಮೇಲೆ ಕೂತಿತು, ಕೆಳಕ್ಕೆ ಒತ್ತಿತು. ಅವನು ಹಲ್ಲು ಕಚ್ಚಿ ಹಿಡಿಯನ್ನು ಬಿಗಿಮಾಡಿದ್ದು ಕಂಡಿತು. ಬಿಡುವುದಿಲ್ಲ ಎಂದು ಬಂದಿದ್ದಾನೆ. ಬಿಡದಿರಲಿ ಎಂದುಕೊಂಡೆ, ಹಾಗೇ ಆಗಲಿ. ಪರದೆಯ ಅಂಚಿಗೆ ಮುಂದಕ್ಕೆ ಬಾಗಿದೆ. ಅವನಿಗೆ ಬಾಗಬೇಡ ಎಂದು ಕಲಿಸಿದವನು ನಾನೇ.

ಆಗ ಮರದ ಹಲಗೆಯ ಮೇಲೆ ಏನೋ ಸಣ್ಣದು ಬಿದ್ದು ಉರುಳಿದ ಸದ್ದಾಯಿತು. ರಬ್ಬರಿನ ಸದ್ದು. ತುದಿಯ ಬಿರಡೆ ಬಿತ್ತು, ಮೇಡಂ ಕಣ್ಣಿಗೆ ಕನ್ನಡಕ ಇಲ್ಲ ಎಂಬುದೊಂದೇ ತಲೆಯಲ್ಲಿ. ನೆಲಕ್ಕೆ ಕೂತು ಪರದೆಯ ಬುಡದಲ್ಲಿ ಕೈಯಾಡಿಸಿದೆ. ಸಭೆ ಒಮ್ಮೆಗೇ ಎದ್ದು ಚಪ್ಪಾಳೆ ಹೊಡೆಯಿತು. ಬಿರಡೆ ಕೈಗೆ ಸಿಕ್ಕಿತು. ತಲೆ ಎತ್ತಿದರೆ ಮೇಡಂ ಕೈಯಲ್ಲಿ ಎರಡು ಕತ್ತಿ, ಎರಡರ ತುದಿಯಲ್ಲೂ ಬಿರಡೆ ಭದ್ರವಾಗಿತ್ತು. ಕ್ಯಾಪ್ಟನ್ ಬೆನ್ನು ಹಾಕಿ ಆ ಕಡೆಯ ಪರದೆಯೊಳಗೆ ಹೋಗುತ್ತಿದ್ದ.

ನನ್ನ ಅಂಗಿಯ ಜೇಬಿನಲ್ಲಿ ಇದ್ದ ಹೆಚ್ಚುವರಿ ಬಿರಡೆ ಮೂರು. ನಾಲ್ಕನೆಯದು ಅಂಗೈಯಲ್ಲಿತ್ತು.

ನಿರ್ದೇಶಕರು ದೀಪ ನೋಡುತ್ತಿದ್ದರಂತೆ. ಮೊಬೈಲುಗಳನ್ನು ಬಂದ್ ಮಾಡಿಸಿದವನು ನಾನೇ. ಸಾಗರದ ಒಂಬತ್ತು ಜನರೂ ಬಂದು ಕೈಕುಲುಕಿ, ಆ ಕತ್ತಿ ಕಿತ್ತುಕೊಂಡದ್ದು ಇದೆಯಲ್ಲ ಎಂದು ತಲೆದೂಗಿದರು. ಅವನ ಮುಖ ಹೇಗಿತ್ತು ಎಂದು ಅವರನ್ನು ಕೇಳುವಂತಿರಲಿಲ್ಲ. ಕೇಳಿದರೆ ನಾನು ನೋಡಲಿಲ್ಲ ಎಂದು ಗೊತ್ತಾಗುತ್ತದೆ. ಎಲ್ಲರೂ ಹೋದ ಮೇಲೆ, ಕತ್ತಿಗಳನ್ನು ಗೋಣಿಗೆ ಸುತ್ತುತ್ತಿದ್ದ ಮೇಡಂ ಹತ್ತಿರ ಹೋಗಿ, ಏನೂ ಅಲ್ಲ ಎಂಬಂತೆ ಕೇಳಿದೆ.

“ಮುಖನಾ?” ಎಂದರು ಮೇಡಂ. “ನಾನು ಮಣಿಕಟ್ಟು ನೋಡ್ತಿದ್ದೆ ಸಾರ್. ನೀವೇ ಹೇಳಿದ್ರಲ್ಲ.”